ಐದನೇ ಮಹಡಿಯ ಮಸ್ಟರು

ಆ ವರ್ಷ ಐದನೇ ಮಹಡಿಯ ಪಾಳಿ ನನ್ನ ಮಗಳು ಚಿತ್ರಾಳಿಗೆ ಬಂದಿತ್ತು.

ಜಪಾನಿನ ಗ್ಯೋಟೋಕುವಿನ ಆ ಕಟ್ಟಡದಲ್ಲಿ ಏಳು ಮಹಡಿ, ಮಹಡಿಗೆ ಎಂಟು ಮನೆ. ಪ್ರತಿ ಮಹಡಿಗೂ ವರ್ಷಕ್ಕೊಂದು ಮನೆಯವರು ಮುಂದಾಳು. ಸಂಘದ ಸುತ್ತೋಲೆಯನ್ನು ಮನೆಯಿಂದ ಮನೆಗೆ ದಾಟಿಸುವುದು, ಕಸ ಹಾಕುವ ದಿನಗಳ ಚೀಟಿ ಅಂಟಿಸುವುದು, ಭೂಕಂಪವಾದರೆ ಮಹಡಿಯ ಜನರನ್ನೆಲ್ಲ ಎಣಿಸಿ ಅಧ್ಯಕ್ಷರಿಗೆ ಒಪ್ಪಿಸುವುದು ಅವರ ಕೆಲಸ. ಹೊರದೇಶದವರ ಮನೆಗೆ ಪಾಳಿ ಬಂದದ್ದು ಅದೇ ಮೊದಲಂತೆ. ಭಾಷೆ ಕಷ್ಟವಾದರೆ ಬಿಡಬಹುದು ಎಂದು ಅಧ್ಯಕ್ಷ ಮೊರಿಯಾ ಸಾನ್ (ಸಾನ್ ಎಂದರೆ ನಮ್ಮ ಅವರು ಎಂಬ ಹಾಗೆ) ಮೆತ್ತಗೆ ಹೇಳಿನೋಡಿದ್ದರು. ಇವಳು ಬಿಟ್ಟಿರಲಿಲ್ಲ.

"ಅಪ್ಪಾ, ಒಂದು ತಪ್ಪಾದ್ರೂ ಇಂಡಿಯನ್ಸ್ ಹಿಂಗೇ ಅಂತಾರೆ. ಒಂದೂ ಆಗ್ಬಾರ್ದು," ಎಂದು ನಾನು ಬಂದಿಳಿದ ವಾರವೇ ಹೇಳಿದಳು. ಆಗ ಆಗಸ್ಟ್ ತಿಂಗಳ ಕೊನೆ. ನನ್ನದು ಮೂರು ತಿಂಗಳ ವೀಸಾ.

ಸೆಪ್ಟೆಂಬರಿನ ಮೊದಲ ಭಾನುವಾರ ಕಟ್ಟಡದವರೆಲ್ಲ ಸೇರಿ ಭೂಕಂಪದ ಕವಾಯತು ಮಾಡಿದರು. ನಾನೂ ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲಿಳಿದೆ. ಇವರ ಏರ್ಪಾಡು ಹೀಗಿತ್ತು. ಪ್ರತಿ ಮನೆಗೂ ಅಯಸ್ಕಾಂತದ ಒಂದು ಹಳದಿ ಹಾಳೆ ಕೊಟ್ಟಿದ್ದಾರೆ. ನಾವೆಲ್ಲ ಕ್ಷೇಮ ಎಂದು ಅದರ ಮೇಲೆ ಅವರ ಭಾಷೆಯಲ್ಲಿ ಬರೆದಿದೆ. ಭೂಮಿ ನಡುಗಿ ನಿಂತ ಮೇಲೆ, ಮನೆಯವರೆಲ್ಲ ನೆಟ್ಟಗಿದ್ದರೆ, ಆ ಹಾಳೆಯನ್ನು ಕಬ್ಬಿಣದ ಬಾಗಿಲಿನ ಹೊರಗೆ ಅಂಟಿಸಿ ಇಳಿಯಬೇಕು. ಪಾಳಿಯವರು ಬಾಗಿಲುಗಳನ್ನು ನೋಡುತ್ತ ಬರುತ್ತಾರೆ. ಹಳದಿ ಇದ್ದ ಬಾಗಿಲನ್ನು ತಟ್ಟುವುದಿಲ್ಲ. ಇಲ್ಲದ ಬಾಗಿಲನ್ನು ತಟ್ಟುತ್ತಾರೆ, ಕೂಗುತ್ತಾರೆ, ತೆಗೆಯದಿದ್ದರೆ ಒಡೆಯುತ್ತಾರೆ. ವಯಸ್ಸಾದವರೇ ಹೆಚ್ಚಾಗಿರುವ ಕಟ್ಟಡದಲ್ಲಿ ಹೊತ್ತು ಉಳಿಸುವುದಕ್ಕೆ ಒಳ್ಳೆಯ ಉಪಾಯವೇ.

ನಮ್ಮದು ಐನೂರ ಆರು. ಐನೂರ ಮೂರರಲ್ಲಿ ಹನಾವಾ ಸಾನ್ ಎಂಬ ಮುದುಕರು ಒಬ್ಬರೇ ಇದ್ದರು. ನನಗಿಂತ ಎಂಟು ವರ್ಷ ದೊಡ್ಡವರು. ಕವಾಯತಿನ ದಿನ ಅವರು ಹಾಳೆ ಅಂಟಿಸಲು ಕೈ ಎತ್ತಿದರೆ ಭುಜ ಮೇಲೇಳಲಿಲ್ಲ, ಬೆರಳು ನಡುಗಿ ಹಾಳೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡರೆ ಮತ್ತೆ ಬಿತ್ತು. ಹಿಂದೆ ನಿಂತವರಿಗೆಲ್ಲ ತಡವಾಯಿತೆಂದು ಅವರು ಸುಮಿಮಾಸೆನ್, ಸುಮಿಮಾಸೆನ್ ಎಂದು ಎಷ್ಟು ಸಲ ಕ್ಷಮೆ ಕೇಳಿದರೋ. ಚಿತ್ರಾ ಓಡಿಹೋಗಿ ಅಂಟಿಸಿದಳು. ಇನ್ನು ಮೇಲೆ ನಿಮ್ಮದನ್ನೂ ನಾನೇ ಹಾಕುತ್ತೇನೆ, ನೀವು ಯೋಚನೆ ಮಾಡಬೇಡಿ ಎಂದಳು. ಅವರು ಆ ಸಂಜೆ ಬಂದು ತಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟುಹೋದರು.

ಅಂದಿನಿಂದ ನಮ್ಮ ಬಾಗಿಲಿನ ಒಳಗಡೆ ಎರಡು ಹಳದಿ ಹಾಳೆಗಳು ಒಂದರ ಕೆಳಗೊಂದು ಇದ್ದವು. ಪರರ ಹಾಳೆ ನಮ್ಮ ಮನೆಯಲ್ಲಿ ಯಾಕಮ್ಮ ಎಂದು ಒಂದು ಸಲ ಕೇಳಿದೆ. ಪಾಪ, ಹೆಲ್ಪ್ ಅಪ್ಪ ಎಂದಳು. ಮಗಳ ಮನೆ, ಅವಳ ಊರು, ಅವಳ ಪಾಳಿ. ನಾನು ಸುಮ್ಮನಾದೆ. ಹಾಗೆ ಸುಮ್ಮನಾಗಬಾರದಿತ್ತು.

ನನ್ನ ಮೊಮ್ಮಗಳು ಸಾಹಿತ್ಯಳಿಗೆ ಹನ್ನೊಂದು ವರ್ಷ. ಹುಟ್ಟಿದ್ದು ಜಪಾನಿನಲ್ಲಿಯೇ. ಕನ್ನಡ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಮೂರು ಭಾಷೆಯ ಕಲಸುಮೇಲೋಗರ. ಅಕ್ಟೋಬರಿನಲ್ಲಿ ಒಂದು ದಿನ ಶಾಲೆಯಿಂದ ಹೊಸ ಕೆಲಸ ಹೊತ್ತುಕೊಂಡು ಬಂದಳು. ಸೈನ್ಯಕ್ಕೆ ಸೇರಿದ, ಮಾಡುವ ಕೆಲಸವನ್ನು ಹೇಳುವ ಒಂದು ಇಂಗ್ಲಿಷ್ ಪದವನ್ನು ಆರಿಸಿಕೊಳ್ಳಬೇಕು, ಅದು ಎಲ್ಲಿ ಹುಟ್ಟಿತು ಎಂದು ಹುಡುಕಬೇಕು, ಆ ಪದವನ್ನು ನಿಜವಾಗಿ ಬಳಸಿ ಬದುಕಿದ ಒಬ್ಬ ಮನುಷ್ಯನನ್ನು ಮಾತಾಡಿಸಬೇಕು. ಮಾರ್ಚು, ಅಟ್ಯಾಕು ಎಲ್ಲ ಬೇರೆ ಮಕ್ಕಳು ಹಿಡಿದುಬಿಟ್ಟಿದ್ದರು.

"ತಾತ, ನಿಮ್ಗೆ ಯಾವ್ದಾದ್ರೂ ಆರ್ಮಿ ವರ್ಡ್ ಗೊತ್ತಾ?"

ನಾನು ಸೈನ್ಯದಲ್ಲಿದ್ದವನಲ್ಲ. ಮೂವತ್ತೊಂದು ವರ್ಷ ರೈಲ್ವೆ ಗ್ಯಾಂಗಿನಲ್ಲಿದ್ದೆ, ಬಾಣಾವರದ ಕಡೆ. ಹಳಿಯ ಕೆಳಗೆ ಜಲ್ಲಿ ಬಡಿಯುವುದು, ಸ್ಲೀಪರು ಬದಲಿಸುವುದು. ಕೊನೆಯ ಹದಿನಾಲ್ಕು ವರ್ಷ ಗ್ಯಾಂಗಿನ ಮೇಸ್ತ್ರಿಯಾಗಿದ್ದೆ. ನನಗೆ ಗೊತ್ತಿದ್ದ ಇಂಗ್ಲಿಷ್ ಪದಗಳೆಲ್ಲ ಹಳಿಯ ಮೇಲಿನವು. ಆದರೂ ಇದು ಸೈನ್ಯದ್ದಿರಬಹುದು ಎಂದು ನಮ್ಮ ಹಳೆಯ ಸಾಹೇಬರೊಬ್ಬರು ಹೇಳಿದ್ದ ಒಂದು ಪದ ನೆನಪಿತ್ತು. ಮಸ್ಟರು ಎಂದೆ, ಹೆಸರು ಕೂಗಿ ಆಳುಗಳ ಹಾಜರಿ ತೆಗೆದುಕೊಳ್ಳುವುದು. ಬೆಳಿಗ್ಗೆ ಏಳೂವರೆಗೆ ಸಾಮಾನಿನ ಕೋಣೆಯ ಮುಂದೆ ಮಸ್ಟರು, ಸಂಜೆ ಬಿಡುವಾಗ ಇನ್ನೊಂದು ಮಸ್ಟರು.

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಸ್ವಲ್ಪ ಹೊತ್ತಿಗೆ ಕುರ್ಚಿಯ ಮೇಲೆ ಮಂಡಿಯೂರಿ ಕುಳಿತಳು. ಖುಷಿಯಾದರೆ ಅವಳು ಹಾಗೆ ಕೂರುವುದು.

ಅವಳು ಓದಿ ಹೇಳಿದ್ದು ಇಷ್ಟು. ಇದು ರೋಮಿನ ಕಾಲದ ಲ್ಯಾಟಿನ್ ಭಾಷೆಯಿಂದ ಹೊರಟು, ಫ್ರಾನ್ಸಿನ ಮೇಲೆ ಹಾದು ಇಂಗ್ಲಿಷಿಗೆ ಬಂದ ಪದ. ಮೂಲದಲ್ಲಿ ಅದರ ಅರ್ಥ ಎಣಿಸುವುದಲ್ಲ, ಕೂಡಿಸುವುದೂ ಅಲ್ಲ, ತೋರಿಸುವುದು. ಸೈನಿಕರನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಆಳು, ಕುದುರೆ, ಆಯುಧ ಎಲ್ಲವನ್ನೂ ಅಧಿಕಾರಿಗೆ ಕಣ್ಣಾರೆ ತೋರಿಸುತ್ತಿದ್ದರು. ತೋರಿಸಲೆಂದು ಕರೆದು ಸೇರಿಸಿ ಸೇರಿಸಿ, ಆಮೇಲೆ ಸೇರಿಸುವುದಕ್ಕೇ ಆ ಹೆಸರು ನಿಂತಿತು. ಪಟ್ಟಿಯೊಂದಿದ್ದರೆ ಸಾಲದೇ ಎಂದರೆ ಸಾಲದು. ಕೆಲವು ದಳಪತಿಗಳು ಸತ್ತವರ, ಓಡಿಹೋದವರ ಹೆಸರನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತಿದ್ದರಂತೆ. ಎಣಿಸುವವರು ಬರುವ ದಿನ ದಾರಿಯಲ್ಲಿ ಹೋಗುವವನನ್ನು ಹಿಡಿದು ಸಾಲಿನಲ್ಲಿ ನಿಲ್ಲಿಸುವುದೂ ಇತ್ತಂತೆ. ಅದಕ್ಕೇ ಹೆಸರು ಓದಿದರೆ ಆಗದು, ಆಳು ಕಣ್ಣಿಗೆ ಬೀಳಬೇಕು.

"ಮಾನ್ಸ್ಟರ್ ಇದೆಯಲ್ಲ ತಾತ, ದಟ್ಸ್ ಇಟ್ಸ್ ಕಸಿನ್," ಎಂದು ಸೇರಿಸಿದಳು.

ರಾಕ್ಷಸನಿಗೂ ನಮ್ಮ ಮಸ್ಟರಿಗೂ ನಂಟು ಇರಬಹುದು, ನಮ್ಮ ಸಾಹೇಬರೊಬ್ಬರನ್ನು ನೋಡಿದ್ದರೆ ನೀನೂ ಒಪ್ಪುತ್ತಿದ್ದೆ ಎಂದೆ. ನಕ್ಕಳು. ನನಗೆ ಮಾತ್ರ ಆ ತೋರಿಸುವುದು ಎಂಬ ಮಾತು ಒಳಗೆ ಕೂತಿತು. ನಾನು ಮೇಸ್ತ್ರಿಯಾಗಿದ್ದಾಗ ಮಾಡುತ್ತಿದ್ದದ್ದೂ ಅದನ್ನೇ. ಹೆಸರು ಕೂಗಿದರೆ ಬಂದೆ ಎಂದರೆ ಸಾಲದು. ಒಂದು ಹೆಜ್ಜೆ ಮುಂದೆ ಬಂದು, ಮುಖ ಎತ್ತಿ, ನನ್ನನ್ನು ನೋಡಬೇಕು. ಆಮೇಲೇ ಗೀಟು. ಒಬ್ಬನ ಬದಲು ಇನ್ನೊಬ್ಬ ಕೂಗಿದರೆ ಇಬ್ಬರಿಗೂ ಗೀಟಿಲ್ಲ. ನನ್ನ ಗ್ಯಾಂಗಿನವರು ಇದಕ್ಕೆ ಮದುವಣಗಿತ್ತಿ ಶಾಸ್ತ್ರ ಎಂದು ಹೆಸರಿಟ್ಟಿದ್ದರು.

ಊಟದ ಹೊತ್ತಿಗೆ ಇದನ್ನು ಕೇಳಿ ಅಳಿಯ ಪ್ರದೀಪ ನಕ್ಕ.

"ನೀವು ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಬರ್ಬೇಕಿತ್ತು ಮಾವ. ಪ್ರಾಕ್ಸಿ ಇಲ್ದೆ ಅಲ್ಲಿ ಅಟೆಂಡೆನ್ಸೇ ಆಗ್ತಿರ್ಲಿಲ್ಲ. ಚಿತ್ರಾ ಅಂತೂ ಐದು ವಾಯ್ಸಲ್ಲಿ ಎಸ್ ಮ್ಯಾಮ್ ಅಂತಿದ್ಲು."

"ಆರು," ಎಂದಳು ಚಿತ್ರಾ, ಸಾರು ಬಡಿಸುತ್ತ. "ಫ್ರೆಂಡ್ಸ್‌ಗೆ ಅಷ್ಟೂ ಮಾಡ್ದಿದ್ರೆ ಹೆಂಗೆ?"

ಆ ಶಾಸ್ತ್ರ ಯಾಕೆ ಶುರುವಾಯಿತು ಎಂದು ಸಾಹಿತ್ಯ ಬರೆದುಕೊಳ್ಳಲು ಪೆನ್ಸಿಲು ಹಿಡಿದಳು. ಹೇಳಿದೆ. ನಾನಿನ್ನೂ ಹೊಸ ಗ್ಯಾಂಗ್‌ಮನ್ ಆಗಿದ್ದಾಗ ನಮ್ಮಲ್ಲಿ ಕರಿಯಣ್ಣ ಎಂಬವನಿದ್ದ. ಮಾರ್ಚಿನ ಬಿಸಿಲು. ದೇವನೂರಿನ ಆಚೆ ಒಂದು ಮೋರಿಯ ಹತ್ತಿರ ಕೆಲಸ. ಮೇಲ್ ಗಾಡಿ ಬರುವ ಹೊತ್ತಿಗೆ ಎಲ್ಲರೂ ಹಳಿ ಬಿಟ್ಟು ಇಳಿದೆವು, ಗಾಡಿ ಹೋಯಿತು, ಮೇಸ್ತ್ರಿ ಬೀಡಿ ಹಚ್ಚಿಕೊಳ್ಳುತ್ತ ತಲೆ ಬಗ್ಗಿಸಿಯೇ ಹೆಸರು ಕೂಗಿದ. ಕರಿಯ ಎಂದಾಗ ಯಾರೋ ಒಬ್ಬ, ಬಂದವ್ನೆ ಎಂದ. ಕರಿಯಣ್ಣ ಹಾರೆ ಹಿಡಿದುಕೊಂಡೇ ನೀರು ತರಲು ಹೋಗಿದ್ದ, ಇನ್ನೇನು ಬರುತ್ತಾನೆ ಎಂದು ಆ ಒಬ್ಬನ ಎಣಿಕೆ. ಮೇಸ್ತ್ರಿ ಬಯ್ಯದಿರಲಿ ಎಂದು ಗೆಳೆತನಕ್ಕೆ ಕೂಗಿದ್ದು. ಸಂಜೆ ಸಾಮಾನು ಎಣಿಸುವಾಗ ಹಾರೆಯೊಂದು ಕಮ್ಮಿ ಬಂತು. ಹಾರೆ ಕಮ್ಮಿ ಎಂದಾಗಲೇ ಮನುಷ್ಯ ಕಮ್ಮಿ ಎಂದು ಗೊತ್ತಾದದ್ದು. ಮೋರಿಯ ಕಲ್ಲಿನ ಮೇಲಿಂದ ಜಾರಿ ಕೆಳಗೆ ಬಿದ್ದಿದ್ದ. ಆರು ಗಂಟೆಗಳ ಕಾಲ ಬಿಸಿಲಲ್ಲೇ ಇದ್ದ. ಅರಸೀಕೆರೆ ಆಸ್ಪತ್ರೆ ಮುಟ್ಟುವವರೆಗೆ ಜೀವ ನಿಲ್ಲಲಿಲ್ಲ.

ಸಾಹಿತ್ಯ ಬರೆಯುವುದನ್ನು ನಿಲ್ಲಿಸಿದ್ದಳು. ಕೂಗಿದವನಿಗೆ ಏನು ಮಾಡಿದರು ಎಂದು ಕೇಳಿದಳು. ಏನೂ ಮಾಡಲಿಲ್ಲ, ಯಾರೆಂದು ಯಾರೂ ಹೇಳಲಿಲ್ಲ ಎಂದೆ. ಊಟ ಮುಗಿಯಿತು.

ಅದಾಗಿ ಎರಡನೇ ಶನಿವಾರ. ಪ್ರದೀಪ ಕಂಪನಿಯ ಕೆಲಸದ ಮೇಲೆ ಹಮಾಮತ್ಸುವಿಗೆ ಹೋಗಿದ್ದ. ನಾನು ದಿನದಂತೆ ಎಂಟೂವರೆಗೆ ಕೆಳಗಿಳಿದು ಸೈಕಲ್ ಸ್ಟ್ಯಾಂಡಿನ ಪಕ್ಕದ ಬೆಂಚಿನ ಮೇಲೆ ಕೂತೆ. ಮೆಟ್ಟಿಲ ಬಾಯಿ ಅಲ್ಲಿಂದ ನೇರ ಕಾಣುತ್ತದೆ. ಎರಡು ತಿಂಗಳಿನಿಂದ ಅಲ್ಲೇ ಕೂತು ಕೂತು, ಒಬ್ಬರ ಹೆಸರೂ ಸರಿಯಾಗಿ ಬಾರದಿದ್ದರೂ, ಆ ಕಟ್ಟಡದ ಮುಖಗಳೆಲ್ಲ ನನಗೆ ಗೊತ್ತಾಗಿದ್ದವು. ಐನೂರ ಒಂದು, ಗಂಡ ಹೆಂಡತಿ, ಕಂದು ನಾಯಿ. ಎರಡು, ದಪ್ಪ ಕೈಚೀಲದ ನರ್ಸಮ್ಮ. ನಾಲ್ಕು, ಹೊಸ ಜೋಡಿ, ಎದೆಗೆ ಕಟ್ಟಿಕೊಂಡ ಕೂಸು. ಐದು, ದಪ್ಪ ಕನ್ನಡಕದವರು. ಏಳು, ತಾಯಿ ಮತ್ತು ಇಬ್ಬರು ಎತ್ತರದ ಗಂಡುಮಕ್ಕಳು. ಎಂಟು, ಅಕ್ಕ ತಂಗಿ.

ಹನಾವಾ ಸಾನ್ ಶನಿವಾರ ಒಂಬತ್ತಕ್ಕೆ ಸರಿಯಾಗಿ ಇಳಿದು ಬಂದು, ನನಗೆ ಟೋಪಿ ಮುಟ್ಟಿ ತಲೆಬಾಗಿ, ತಮ್ಮ ಹಸಿರು ಸೈಕಲ್ಲು ತೆಗೆದುಕೊಂಡು ಗೋ ಆಟ ಆಡಲು ಹೋಗುತ್ತಾರೆ. ಕಪ್ಪು ಬಿಳುಪು ಹರಳುಗಳನ್ನು ಹಲಗೆಯ ಮೇಲೆ ಇಡುವ ಆಟ. ಅಂದು ಒಂಬತ್ತಾಯಿತು, ಒಂಬತ್ತೂ ಕಾಲಾಯಿತು. ಅವರು ಬರಲಿಲ್ಲ. ನೆಗಡಿಯಿರಬೇಕು ಎಂದುಕೊಂಡೆ.

ಒಂಬತ್ತೂವರೆ ದಾಟಿತ್ತು. ಜೇಬಿನಲ್ಲಿದ್ದ ಫೋನು ಕಿರುಚಿತು. ದಾರಿಯಲ್ಲಿ ಹೋಗುವವರ ಫೋನುಗಳೂ ಒಟ್ಟಿಗೇ ಕಿರುಚಿದವು. ನಾನು ಎದ್ದು ನಿಲ್ಲುವಷ್ಟರಲ್ಲಿ ನೆಲ ಕೆಳಗಿನಿಂದ ಒದೆಯಿತು, ಆಮೇಲೆ ಅಡ್ಡಡ್ಡ ಎಳೆಯಿತು. ಗೂಡ್ಸ್ ಗಾಡಿ ಹೋಗುವಾಗ ಹಳಿಯ ಪಕ್ಕ ನಿಂತರೆ ಪಾದಕ್ಕೆ ತಿಳಿಯುತ್ತದಲ್ಲ, ಅದರ ನೂರು ಪಾಲು. ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳು ಒಂದರ ಮೇಲೊಂದು ಮಲಗಿದವು. ಮೇಲಿನಿಂದ ಗಾಜು ಒಡೆದ ಸದ್ದು. ನಾನು ಬೆಂಚನ್ನು ಹಿಡಿದು ಕೂತೆ. ನಿಂತಿತು.

ಜನ ಇಳಿಯತೊಡಗಿದರು. ಯಾರೂ ಕೂಗಲಿಲ್ಲ, ನೂಕಲಿಲ್ಲ. ನಾನು ಮೆಟ್ಟಿಲ ಬಾಯಿಯಲ್ಲೇ ನಿಂತು ನೋಡುತ್ತಿದ್ದೆ. ಕಂದು ನಾಯಿ ಬಂತು. ನರ್ಸಮ್ಮ ಬಂದರು. ಕೂಸು ಬಂತು, ನಿದ್ದೆಯಲ್ಲೇ. ಕನ್ನಡಕದವರು, ತಾಯಿ ಮಕ್ಕಳು, ಅಕ್ಕ ತಂಗಿ. ಸಾಹಿತ್ಯ ಬಂದು ನನ್ನ ಕೈ ಹಿಡಿದುಕೊಂಡಳು. ಎಲ್ಲರ ಹಿಂದೆ ಚಿತ್ರಾ, ತೋಳಿಗೆ ಪಾಳಿಯ ಪಟ್ಟಿ ಕಟ್ಟಿಕೊಂಡು. ಅವಳು ನನ್ನನ್ನೊಮ್ಮೆ ನೋಡಿ ತಲೆಯಾಡಿಸಿ, ನೇರವಾಗಿ ಕಟ್ಟಡದ ಎದುರಿನ ಉದ್ಯಾನದ ನಡುವೆ ನಿಂತಿದ್ದ ಮೊರಿಯಾ ಸಾನ್ ಬಳಿಗೆ ಹೋದಳು. ಐದನೇ ಮಹಡಿ, ಎಂಟು ಬಾಗಿಲು, ಎಂಟೂ ಹಳದಿ, ಎಲ್ಲರೂ ಕ್ಷೇಮ ಎಂದು ಒಪ್ಪಿಸಿದಳೆಂದು ಸಾಹಿತ್ಯ ನನಗೆ ಹೇಳಿದಳು. ಎಲ್ಲ ಮಹಡಿಗಳಿಗಿಂತ ಮೊದಲು ಬಂದ ಲೆಕ್ಕ ಅದು. ಮೊರಿಯಾ ಸಾನ್ ಕೈಯಲ್ಲಿದ್ದ ಬರೆಯುವ ಹಲಗೆಯ ಮೇಲೆ ಬರೆದುಕೊಂಡರು. ತಿರುಗಿ ಬರುವಾಗ ಚಿತ್ರಾಳ ಮುಖದಲ್ಲಿ ನಿರಾಳ ಇತ್ತು.

ನಾನು ಮಲಗಿದ ಸೈಕಲ್ಲುಗಳನ್ನು ನೋಡಿದೆ. ನಾಲ್ಕನೆಯದು ಹಸಿರು.

"ಐನೂರ ಮೂರು ಎಲ್ಲಮ್ಮ?"

"ಹಾಕಿದೆ ಅಪ್ಪ. ಶೀಟ್ ಹಾಕಿದೆ."

"ಯಾರು ಹಾಕಿದ್ದು?"

"ನಾನೇ. ನಮ್ದು ಹಾಕ್ವಾಗ್ಲೇ ಅವ್ರದ್ದೂ ತಗೊಂಡೆ. ಅವ್ರು ಶನಿವಾರ ಒಂಬತ್ತಕ್ಕೇ ಹೋಗ್ಬಿಡ್ತಾರಲ್ಲ. ಯಾರೂ ಇಲ್ದಿರೋ ಮನೆ ಬಾಗ್ಲು ಸುಮ್ನೆ ಒಡೀತಾರೆ ಅಂತ..."

"ಮುಖ ನೋಡ್ದ್ಯಾ?"

ಅವಳು ಐದನೇ ಮಹಡಿಯ ಕಡೆ ತಲೆ ಎತ್ತಿ ನೋಡಿದಳು. ನಾನು ಸೈಕಲ್ಲಿನ ಕಡೆ ಕೈ ತೋರಿಸಿದೆ. ಅವರು ಇವತ್ತು ಇಳಿದಿಲ್ಲ, ಎಂಟೂವರೆಯಿಂದ ಇಲ್ಲೇ ಕೂತಿದ್ದೇನೆ, ಅವರು ಮೇಲೆಯೇ ಇದ್ದಾರೆ ಎಂದೆ. ನನಗೆ ಸಂಶಯವೇ ಇರಲಿಲ್ಲ.

ಆ ಬಾಗಿಲಿಗೆ ಹಳದಿ ಬಿದ್ದಾಗಿದೆ. ಇನ್ನು ಅದನ್ನು ಯಾರೂ ತಟ್ಟುವುದಿಲ್ಲ, ಸಂಜೆಯವರೆಗೆ, ನಾಳೆಯವರೆಗೆ. ಅದು ಅವಳಿಗೂ ಗೊತ್ತಿತ್ತು.

ಓಡಿಹೋಗಿ ನೋಡಿಕೊಂಡು ಬರುತ್ತೇನೆ ಎಂದು ಮೆಟ್ಟಿಲಿನ ಕಡೆ ತಿರುಗಿದಳು. ನಾನು ತೋಳು ಹಿಡಿದುಕೊಂಡೆ.

"ಮೊದ್ಲು ಕೊಟ್ಟ ಮಸ್ಟರು ವಾಪಸ್ ತಗೋ."

"ಅಪ್ಪಾ, ಎಲ್ರ ಮುಂದೆನಾ? ಎರಡೇ ನಿಮಿಷ. ಹೋಗಿ ಬೆಲ್ ಮಾಡಿ ಬರ್ತೀನಿ. ಏನಾದ್ರೂ ಇದ್ರೆ ಆಮೇಲೆ ಹೇಳೋಣ."

"ನೀನು ಮೇಲೆ ಹೋದಾಗ ಇನ್ನೊಂದ್ ಸಲ ನಡುಗಿ ಸಿಕ್ಕಾಕೊಂಡ್ರೆ, ನಿನ್ನನ್ನೂ ಯಾರೂ ಹುಡುಕಲ್ಲ ಕಣಮ್ಮ. ನಿನ್ ಬಾಗ್ಲಿಗೂ ಹಳದಿ ಬಿದ್ದಿದೆ."

ಅವಳು ಮೊರಿಯಾ ಸಾನ್ ಕಡೆ ನೋಡಿದಳು. ಅವರ ಸುತ್ತ ಬೇರೆ ಮಹಡಿಗಳ ಆರೂ ಜನ ಪಾಳಿಯವರು ನಿಂತಿದ್ದರು. ತೋಳಿನ ಪಟ್ಟಿಯನ್ನು ಸರಿಮಾಡಿಕೊಂಡು ಅಲ್ಲೇ ನಿಂತಳು. ಎರಡು ವರ್ಷ ಈ ಕಟ್ಟಡದಲ್ಲಿ ಅವಳು ಒಂದು ಕಸದ ಚೀಲವನ್ನೂ ತಪ್ಪಾದ ದಿನ ಇಟ್ಟವಳಲ್ಲ.

ಆಗ ಹೇಳಿದೆ. ನಲವತ್ತು ವರ್ಷದ ಮೇಲಾಗಿತ್ತು, ಅವಳ ಅಮ್ಮನಿಗೂ ಹೇಳಿರಲಿಲ್ಲ.

"ಕರಿಯಣ್ಣನ ಬದ್ಲು ಅವತ್ತು ಕೂಗಿದ್ದು ನಾನೇ. ಕೂಗಿದ ಅರ್ಧ ಗಂಟೆಗೆ ನಂಗೆ ಅನುಮಾನ ಬಂತು. ಈಗ ಹೇಳಿದ್ರೆ ಮೇಸ್ತ್ರಿ ಎಲ್ರ ಮುಂದೆ ಬಯ್ತಾನೆ ಅಂತ ಸುಮ್ನಿದ್ದೆ. ಸಂಜೆ ತನಕ ಸುಮ್ನಿದ್ದೆ. ನೀನು ಹೋಗು."

ಅವಳು ನನ್ನ ಮುಖ ನೋಡಿದಳು, ಹೆಚ್ಚು ಹೊತ್ತೇನಲ್ಲ. ಆಮೇಲೆ ಉದ್ಯಾನದ ನಡುವಿಗೆ ಓಡಿದಳು. ಸೊಂಟ ಬಗ್ಗಿಸಿ, ತಲೆ ಎತ್ತದೆ, ಜೋರಾಗಿಯೇ ಹೇಳಿದಳು. ಸುಮಿಮಾಸೆನ್ ಎಂಬುದೊಂದು ನನಗೆ ತಿಳಿಯಿತು. ಉಳಿದದ್ದನ್ನು ಸಾಹಿತ್ಯ ಪಿಸುಗುಟ್ಟಿದಳು. ನಾನು ಕೊಟ್ಟ ಲೆಕ್ಕ ತಪ್ಪು. ಐನೂರ ಮೂರರ ಹಾಳೆ ಹಾಕಿದ್ದು ನಾನು. ಅವರನ್ನು ನಾನು ನೋಡಿಲ್ಲ. ಅವರು ಒಳಗಿದ್ದಾರೆ.

ಮೊರಿಯಾ ಸಾನ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಹಲಗೆಯ ಮೇಲೆ ಬರೆದಿದ್ದನ್ನು ಒಂದು ಗೆರೆಯಿಂದ ಹೊಡೆದರು. ಒಂದೇ ಮಾತು ಕೇಳಿದರು, ಹೇಗೆ ಗೊತ್ತು ಎಂದು. ಚಿತ್ರಾ ನನ್ನ ಕಡೆ ಕೈ ತೋರಿಸಿದಳು. ಅವರು ನನ್ನನ್ನು ನೋಡಿದರು. ನಾನು ಹಸಿರು ಸೈಕಲ್ಲನ್ನು ತೋರಿಸಿದೆ. ಸೀಟಿ ಊದಿದರು. ಹಾರೆ, ಹಗ್ಗ, ಮಡಚುವ ಕುರ್ಚಿ ಹಿಡಿದು ಮೂವರು ಗಂಡಸರು ಹೊರಟರು. ನರ್ಸಮ್ಮ ತಮ್ಮ ಕೈಚೀಲ ಎತ್ತಿಕೊಂಡು ಹಿಂದೆಯೇ ಹೋದರು. ಚಿತ್ರಾ ಕೂಡ ಹೋದಳು. ಹೋಗುವವರ ಹೆಸರನ್ನೆಲ್ಲ ಮೊರಿಯಾ ಸಾನ್ ಒಬ್ಬೊಬ್ಬರ ಮುಖ ನೋಡಿ ಬರೆದುಕೊಂಡಮೇಲೇ ಬಿಟ್ಟದ್ದು. ಅದು ನನಗೆ ಹಿಡಿಸಿತು.

ಮೇಲೆ ನಡೆದದ್ದನ್ನು ಆಮೇಲೆ ಚಿತ್ರಾ ಹೇಳಿದಳು. ಬಾಗಿಲಿಗೆ ಒಳಗಿನಿಂದ ಬೀಗ. ತಟ್ಟಿದರೆ ಉತ್ತರವಿಲ್ಲ. ಹಾರೆ ಹಾಕಿದರೂ ಕಬ್ಬಿಣದ ಚೌಕಟ್ಟು ಜಗ್ಗಲಿಲ್ಲ. ಇಲ್ಲಿಯ ಕಟ್ಟಡಗಳಲ್ಲಿ ಒಂದು ಮನೆಯ ಬಾಲ್ಕನಿಗೂ ಪಕ್ಕದ್ದಕ್ಕೂ ನಡುವೆ ತೆಳು ಹಲಗೆ ಇಟ್ಟಿರುತ್ತಾರೆ, ಆಪತ್ತಿನಲ್ಲಿ ಒದ್ದು ದಾಟಲೆಂದೇ. ನರ್ಸಮ್ಮ ತಮ್ಮ ಮನೆಯ ಬೀಗ ತೆಗೆದರು. ಹಲಗೆಯನ್ನು ಒದ್ದದ್ದು ಚಿತ್ರಾ. ಗಂಡಸರು ಹಿಂದೆ ಸರಿಯಿರಿ ಎನ್ನುವ ಮೊದಲೇ ಒದ್ದಿದ್ದಳಂತೆ. ಎರಡನೇ ಏಟಿಗೆ ಅದು ಒಡೆಯಿತು.

ಹನಾವಾ ಸಾನ್ ನಡುಮನೆಯಲ್ಲಿ ಬಿದ್ದಿದ್ದರು. ಗೋ ಆಟದ ಪುಸ್ತಕಗಳ ಕಪಾಟು ಉರುಳಿ ಕಾಲ ಮೇಲೆ ಬಿದ್ದಿತ್ತು. ಅದರ ಗಾಜು ಮೀನಖಂಡವನ್ನು ಆಳವಾಗಿ ಸೀಳಿತ್ತು. ಕೈಗೆ ಸಿಕ್ಕ ಟವೆಲಿನಿಂದ ಅವರೇ ಬಿಗಿಯಲು ನೋಡಿದ್ದರು; ಆ ನಡುಗುವ ಬೆರಳಿಗೆ ಗಂಟು ನಿಂತಿರಲಿಲ್ಲ. ಕೂಗಲು ಶಕ್ತಿಯಿಲ್ಲದೆ, ಒಂದು ಕಪ್ಪು ಹರಳಿನಿಂದ ನೆಲವನ್ನು ಕುಟ್ಟುತ್ತಿದ್ದರಂತೆ. ನರ್ಸಮ್ಮ ಕಟ್ಟು ಬಿಗಿದರು. ರಕ್ತ ನಿಂತಿತು. ಇನ್ನೊಂದು ಗಂಟೆ ಹೋಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ.

ಕೆಳಗೆ ನಾನೂ ಸಾಹಿತ್ಯಳೂ ಮೆಟ್ಟಿಲ ಬಾಯಿಯನ್ನೇ ನೋಡುತ್ತ ನಿಂತಿದ್ದೆವು. ಹಮಾಮತ್ಸುವಿನಿಂದ ಪ್ರದೀಪನ ಫೋನು ಬಂತು. ನೀನು ನೆಟ್ಟಗಿದ್ದೀಯಲ್ಲ, ಸರಿ, ಆಮೇಲೆ ಮಾಡು ಎಂದು ಇಟ್ಟೆ. ಭೂಮಿ ಇನ್ನೊಂದು ಸಲ ಸಣ್ಣಗೆ ನಡುಗಿತು. ಸಾಹಿತ್ಯ ನನ್ನ ಕೈಯನ್ನು ಒತ್ತಿ ಹಿಡಿದಳು. ಅಮ್ಮ ಬರುತ್ತಾಳೆ ಎಂದೆ. ಅವಳು ಮೇಲಿದ್ದಾಳೆ ಎಂಬುದು ಆ ಹಲಗೆಯ ಮೇಲೆ ಬರೆದಿತ್ತು, ಅದಕ್ಕೇ ನನಗೆ ಧೈರ್ಯ.

ಮಡಚುವ ಕುರ್ಚಿಯಲ್ಲಿ ಹನಾವಾ ಸಾನ್ ಅವರನ್ನು ಕೂರಿಸಿ ಐದು ಮಹಡಿ ಇಳಿಸಿ ತಂದರು. ಬಿಳಿಚಿಕೊಂಡಿದ್ದರು, ಕಣ್ಣು ತೆರೆದಿತ್ತು. ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಎಂದರು. ಬೆಂಚಿನ ಪಕ್ಕ ಕುರ್ಚಿ ಇಟ್ಟರು, ಯಾರೋ ಕಂಬಳಿ ಹೊದಿಸಿದರು. ಅವರು ಎಲ್ಲರಿಗೂ ಕ್ಷಮೆ ಕೇಳಲು ಶುರುಮಾಡಿದರು. ಚಿತ್ರಾ ಮುಂದೆ ಮಂಡಿಯೂರಿ ಕೂತು ಅವಳೂ ಕ್ಷಮೆ ಕೇಳಿದಳು. ಇಬ್ಬರೂ ನಿಲ್ಲಿಸುವಂತೆ ಕಾಣದಿದ್ದಾಗ ನರ್ಸಮ್ಮ ಏನೋ ಗದರಿದರು. ಹನಾವಾ ಸಾನ್ ಸುಮ್ಮನಾದರು.

ಚಿತ್ರಾ ಎದ್ದು ತೋಳಿನ ಪಟ್ಟಿ ಬಿಚ್ಚಿದಳು. ಎರಡೂ ಕೈಯಲ್ಲಿ ಹಿಡಿದು ಮೊರಿಯಾ ಸಾನ್ ಮುಂದೆ ಚಾಚಿದಳು. ನನ್ನ ಮಗಳು ಬಿದ್ದು ಕೈ ಮುರಿದುಕೊಂಡಾಗಲೂ ಹಾಗೆ ನಿಂತದ್ದನ್ನು ನಾನು ನೋಡಿಲ್ಲ. ಮೊರಿಯಾ ಸಾನ್ ಪಟ್ಟಿಯನ್ನು ತೆಗೆದುಕೊಳ್ಳಲಿಲ್ಲ. ಹೊಡೆದುಹಾಕಿದ್ದ ಸಾಲನ್ನು ಬೆರಳಿಟ್ಟು ತೋರಿಸಿ ಏನೋ ಹೇಳಿದರು.

ಏನಂತೆ ಎಂದೆ ಸಾಹಿತ್ಯಳನ್ನು.

"ಫಿಫ್ತ್ ಫ್ಲೋರ್ ರಿಪೋರ್ಟ್ ಇನ್ನೂ ಬಂದಿಲ್ಲ, ಬೇಗ ಕೊಡಿ ಅಂತಿದಾರೆ."

ಚಿತ್ರಾ ಪಟ್ಟಿಯನ್ನು ಮತ್ತೆ ಕಟ್ಟಿಕೊಂಡಳು. ಗಂಟು ಹಾಕಲು ಸಾಹಿತ್ಯ ನೆರವಾದಳು. ನಮ್ಮ ಮಹಡಿಯವರನ್ನೆಲ್ಲ ಬೆಂಚಿನ ಎದುರಿಗೆ ಕರೆದಳು. ಬಾಗಿಲಿನ ನಂಬರು ಒಂದೊಂದಾಗಿ ಜಪಾನಿಯಲ್ಲಿ ಕೂಗಿದಳು. ಕೂಗಿ ಬರೆಯಲಿಲ್ಲ, ಕಾದಳು. ಐನೂರ ಒಂದರವರು ಹಾಯ್ ಎಂದರು, ಅವರ ಭಾಷೆಯಲ್ಲಿ ಹೌದು ಎಂದು. ಇವಳು ಇನ್ನೂ ಕಾದಳು. ಅವರು ಒಬ್ಬರನ್ನೊಬ್ಬರು ನೋಡಿಕೊಂಡು, ಅರ್ಥವಾಗಿ, ಒಂದು ಹೆಜ್ಜೆ ಮುಂದೆ ಬಂದರು. ಗೀಟು ಬಿತ್ತು. ನಾಯಿಯನ್ನೂ ಎತ್ತಿ ತೋರಿಸಿದರು.

ಐನೂರ ಎರಡು, ನರ್ಸಮ್ಮ.

ಐನೂರ ಮೂರು ಎಂದಾಗ ಹನಾವಾ ಸಾನ್ ಕಂಬಳಿಯೊಳಗಿನಿಂದ ಕೈ ತೆಗೆದರು. ಟೋಪಿಯಿರಲಿಲ್ಲ, ಮೇಲೆಯೇ ಉಳಿದಿತ್ತು. ಇಲ್ಲದ ಟೋಪಿಯನ್ನು ಮುಟ್ಟಿದಂತೆ ಹಣೆಗೆ ಬೆರಳು ತಂದು, ಮುಖ ಎತ್ತಿ ಚಿತ್ರಾಳನ್ನು ನೋಡಿದರು. ಅವಳು ಗೀಟು ಹಾಕಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ನಾಲ್ಕು. ಐದು. ನಾನು ಹನಾವಾ ಸಾನ್ ಅವರ ಕಾಲಿನ ಕಟ್ಟನ್ನು ನೋಡುತ್ತಿದ್ದೆ. ಬೇರೊಂದು ಕಾಲು, ಮೋರಿಯ ಕೆಳಗಿನದು, ನೆನಪಿಗೆ ಬಂದಿತ್ತು. ಚಿತ್ರಾ ಮುಂದಿನ ನಂಬರು ಕೂಗಿದ್ದು ಕಿವಿಗೆ ಬೀಳಲಿಲ್ಲ.

"ಹಿಯರ್. ತಾತ ಆಲ್ಸೋ ಹಿಯರ್," ಎಂದಳು ಸಾಹಿತ್ಯ ನನ್ನ ಪಕ್ಕದಿಂದ.

ಪೆನ್ಸಿಲು ಅಲ್ಲೇ ನಿಂತಿತು.

"ನಿಂದು ನೀನು ಹೇಳು," ಎಂದಳು ಚಿತ್ರಾ, ಕನ್ನಡದಲ್ಲಿ. "ತಾತಂದು ತಾತ ತೋರಿಸ್ಲಿ."

ನಾನು ಒಂದು ಹೆಜ್ಜೆ ಮುಂದೆ ಬಂದು ಮುಖ ಎತ್ತಿದೆ. ಅವಳು ನೋಡಿದಳು, ಗೀಟು ಹಾಕಿದಳು, ಐನೂರ ಏಳನ್ನು ಕೂಗಿದಳು.